ನಾನು ಮೂಡಿಸಿದ ಕ್ರಿಪ್ಟೋ ಜಾಗೃತಿ

ನಮ್ಮ ಕಳಸದ ಸುತ್ತಮುತ್ತ ಕ್ರಿಪ್ಟೋ ಕರೆನ್ಸಿಯ ಬಗ್ಗೆ ಜನಜಾಗೃತಿ ಮೂಡಿಸಿದ ಕೀರ್ತಿ ಯಾರಿಗಾದರೂ ಸಲ್ಲಬೇಕಾದರೆ ಅದು ನನಗೇ ಸಲ್ಲಬೇಕು. ಆ ಕೆಲಸ ನನ್ನಿಂದ ಇಷ್ಟು ಸಂಪೂರ್ಣವಾಗಿ ಆದೀತೆಂದು ನಾನೂ ಎಣಿಸಿರಲಿಲ್ಲ!

ನಮ್ಮ ಬೆಳೆಗಾರರ ಸಂಘದ ವಾರ್ಷಿಕ ಸಭೆಯಲ್ಲಿ ಊಟಕ್ಕೆ ಮೊದಲು ಒಂದು ಉಪನ್ಯಾಸ ಇಡುವುದು ವಾಡಿಕೆ. ಕಾಂಡಕೊರಕ, ಮಣ್ಣು ಪರೀಕ್ಷೆ, ಇಂಥವು. ಈ ಸಲ ಎಲ್ಲರ ಮೊಬೈಲಿಗೂ ‘ದುಡ್ಡು ಡಬಲ್’ ಮೆಸೇಜುಗಳು ಬರತೊಡಗಿದ್ದರಿಂದ ಕ್ರಿಪ್ಟೋ ಬಗ್ಗೆ ಇಡೋಣ ಎಂದಾಯಿತು. ಚಿಕ್ಕಮಗಳೂರಿನಿಂದ ಬರಬೇಕಿದ್ದ ಬ್ಯಾಂಕಿನ ಅಧಿಕಾರಿಗೆ ಜ್ವರ ಬಂತು. ಸಂಘದ ಅಧ್ಯಕ್ಷರೂ ನನ್ನ ಪಕ್ಕದ ತೋಟದವರೂ ಆದ ನಾಗೇಶ ಗೌಡ್ರು ನಮ್ಮ ಜಗಲಿಗೆ ಬಂದು ಕೂತರು.

“ಮೇಷ್ಟ್ರೇ, ನೀವೇ ಮಾತಾಡ್ಬೇಕು. ಹೈಸ್ಕೂಲಲ್ಲಿ ಅಷ್ಟು ವರ್ಷ ಲೆಕ್ಕ ಹೇಳ್ಕೊಟ್ಟೋರು.”

“ಆ ಲೆಕ್ಕವೇ ಬೇರೆ, ಇದೇ ಬೇರೆ ಗೌಡ್ರೇ.”

“ಎಂತ ಬೇರೆ ಮಾರಾಯ್ರೆ? ಎರಡೂ ಯಾರಿಗೂ ಅರ್ಥ ಆಗಲ್ಲ!”

ಈ ಗೌರವಕ್ಕೆ ಕರಗಿ ಒಪ್ಪಿಕೊಂಡೆ. ನಿವೃತ್ತಿಯಾದ ಮೇಲೆ ಅಂಗೈಯಗಲ ಕಾಫಿ ತೋಟ ನೋಡಿಕೊಂಡಿರುವ ನನಗೆ, ಯಾರನ್ನಾದರೂ ಸಾಲಾಗಿ ಕೂರಿಸಿ ಬುದ್ಧಿ ಹೇಳುವ ಸುಖ ಸಿಕ್ಕದೆ ಬಹಳ ಕಾಲವಾಗಿತ್ತು. ವಾರವಿಡೀ ಓದಿದೆ, ವಿಡಿಯೋ ನೋಡಿದೆ, ಟಿಪ್ಪಣಿ ಮಾಡಿಕೊಂಡೆ. ಹೆಂಡತಿ ಸುಮಿತ್ರಳ ಮುಂದೆ ಪೂರ್ವತಯಾರಿ ನಡೆಸಿದೆ. ಅವಳು ಕಾಳುಮೆಣಸು ಕೇರುತ್ತ ಕೇಳಿಸಿಕೊಂಡಳು.

“ಈ ಕಾಯಿನ್ ಅನ್ನೋದನ್ನ ಮುಟ್ಟಕ್ಕಾಗತ್ತಾ?”

“ಇಲ್ಲ. ಅದು ಕಂಪ್ಯೂಟರಿನಲ್ಲಿ ಮಾತ್ರ ಇರತ್ತೆ.”

“ಹುಡಿ ಮಾಡಿ ಕುಡಿಯಕ್ಕೆ? ಸಾರಿಗೆ ಹಾಕಕ್ಕೆ?”

“ಎಂತಕ್ಕೂ ಬರಲ್ಲ.”

“ಮತ್ತೆ ಯಾರು ತಗೊಳ್ತಾರ್ರೀ ಅದನ್ನ?”

“ನಾಳೆ ಇನ್ನೊಬ್ಬ ಇದಕ್ಕಿಂತ ಜಾಸ್ತಿಗೆ ತಗೊಳ್ತಾನೆ ಅಂತ ನಂಬಿದೋನು.”

“ಓ, ಅಂಥೋರು ನಮ್ಮಲ್ಲೂ ಇದಾರೆ” ಎಂದು ಅವಳು ಮೊರ ಕೊಡವಿದಳು.

ಅವಳ ಮೆಣಸಿನ ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮ ಕಡೆ ಕಾಫಿ ಯಜಮಾನನ ಲೆಕ್ಕ, ಮನೆಯ ಸುತ್ತಲಿನ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಹೆಂಡತಿಯ ಲೆಕ್ಕ. ಸುಮಿತ್ರ ವರ್ಷಗಟ್ಟಲೆ ಅದನ್ನು ಮಾರದೆ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಕೂಡಿಟ್ಟಿದ್ದಳು. ಅವಳಿಗೊಂದು ಕಾರು ಬೇಕಿತ್ತು. ನಾನು ಓಡಿಸಿದ ಏಕೈಕ ವಾಹನವಾದ ಸ್ಕೂಟರು ಚರಂಡಿಯಲ್ಲಿ ಮಲಗಿದ ದಿನದಿಂದ ಅವಳು ಎಲ್ಲ ಮದುವೆ ಮುಂಜಿಗೂ ಕಂಡವರ ಜೀಪಿನಲ್ಲಿ, ಕಂಡವರ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು, ಲೈಸೆನ್ಸ್ ತಗೊಂಡಳು. ಆಲ್ದೂರಿನಲ್ಲಿ ಒಬ್ಬರು ನರ್ಸಮ್ಮ ಮಾರಲಿಟ್ಟಿದ್ದ ಹಳೇ ಕಾರನ್ನು ನೋಡಿಯೂ ಬಂದಿದ್ದಳು. ಮೆಣಸಿಗೆ ಒಳ್ಳೆ ರೇಟು ಬರುವುದೊಂದು ಬಾಕಿ.

ಸಭೆಯ ದಿನ ನಾನು ಅತ್ಯಂತ ಜವಾಬ್ದಾರಿಯುತವಾಗಿ ಮಾತಾಡಿದೆ. ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಇರುವುದಿಲ್ಲ. ಪಾಸ್‌ವರ್ಡ್ ಕಳೆದರೆ ಕೇಳುವವರಿಲ್ಲ. ಯಾರೋ ಎತ್ತಿಕೊಂಡು ಹೋದರೆ ದೂರು ಕೊಡುವುದು ಯಾರಿಗೆಂದೇ ತಿಳಿಯುವುದಿಲ್ಲ. ಲಾಭ ಬಂದರೆ ಸರ್ಕಾರ ತೆರಿಗೆಗೆ ಬರುತ್ತದೆ, ನಷ್ಟವಾದರೆ ಯಾರೂ ಬರುವುದಿಲ್ಲ. ಹೋದರೆ ಹೋಗಲಿ ಅನ್ನುವಂಥ ದುಡ್ಡಿದ್ದವರು ಬೇಕಾದರೆ ಆಟವಾಡಲಿ. “ನಾವು ಸಾಮಾನ್ಯರು. ದಯವಿಟ್ಟು ಯಾರೂ ಹಾಕಬೇಡಿ!” ಎಂದು ಕೈಮುಗಿದೆ.

ಹಿಂದುಗಡೆ ಕಡುಬು ಬೆಂದ ವಾಸನೆ ಬರುತ್ತಿದ್ದರೂ ಒಬ್ಬನೂ ತಿರುಗಿ ನೋಡಲಿಲ್ಲ. ನನ್ನ ಇಡೀ ಮೇಷ್ಟ್ರಿಕೆಯಲ್ಲಿ ಇಂಥ ತರಗತಿಯನ್ನು ನಾನು ಕಂಡಿರಲಿಲ್ಲ. ಕಣ್ಣು ತುಂಬಿ ಬಂತು.

ಆಗ ನಾಗೇಶ ಗೌಡ್ರು ಎದ್ದರು. “ನೀವು ಎಷ್ಟು ಹಾಕಿದೀರಿ ಮೇಷ್ಟ್ರೇ?”

“ನಾನಾ? ಒಂದು ಪೈಸೆ ಹಾಕಿಲ್ಲ.”

“ಹಾಕ್ದೇನೇ ಇಷ್ಟೆಲ್ಲ ಗೊತ್ತಾ?”

ಸಭೆಯೆಲ್ಲ ಮುಸಿಮುಸಿ ನಕ್ಕಿತು. ಊಟಕ್ಕೆ ಕೂತಾಗ ನನ್ನ ಎಲೆಗೆ ಕೋಳಿಯ ಒಳ್ಳೊಳ್ಳೆ ತುಂಡುಗಳೇ ಬಂದು ಬಿದ್ದವು. ಉಪನ್ಯಾಸ ಅಷ್ಟು ಚೆನ್ನಾಗಿತ್ತು ಎಂದುಕೊಂಡು ಎಲ್ಲವನ್ನೂ ತಿಂದೆ. ಎಂಥಾ ದಡ್ಡ ನಾನು!

ನಾನು ಮರೆತಿದ್ದೇನೆಂದರೆ, ನಮ್ಮಲ್ಲಿ ಮೆಣಸಿನ ವ್ಯವಹಾರಕ್ಕೆ ಒಂದು ಶಾಸ್ತ್ರ ಉಂಟು. ಯಾರಾದರೂ ‘ರೇಟು ಬೀಳತ್ತೆ, ಬೇಗ ಕೊಟ್ಟುಬಿಡಿ’ ಅಂದರೆ ಅವನು ಒಳಗೊಳಗೇ ಕೊಂಡು ಕೂಡಿಡುತ್ತಿದ್ದಾನೆ ಎಂದರ್ಥ. ‘ಇನ್ನೂ ಏರತ್ತೆ, ಇಟ್ಕೊಳ್ಳಿ’ ಅಂದರೆ ತನ್ನದನ್ನು ಮಾರಿ ಮುಗಿಸುವ ತಯಾರಿಯಲ್ಲಿದ್ದಾನೆ ಎಂದರ್ಥ. ಆದ್ದರಿಂದ ನಾವು ಎಲ್ಲರ ಮಾತನ್ನೂ ವಿನಯದಿಂದ ಕೇಳುತ್ತೇವೆ, ಕೇಳಿ ಉಲ್ಟಾ ಮಾಡುತ್ತೇವೆ. ಇಂಥ ಜನರ ಮುಂದೆ ನಿಂತು ನಾನು ಕೈಮುಗಿದು ‘ಹಾಕಬೇಡಿ’ ಅಂದಿದ್ದೆ! ಮೇಷ್ಟ್ರು ಭಾರೀ ಮಾಲು ಹೊಡೆದಿದ್ದಾರೆ ಎಂದು ಊಟದ ಪಂಕ್ತಿಯಲ್ಲೇ ತೀರ್ಮಾನವಾಗಿತ್ತು.

ಮರುದಿನದಿಂದ ಮನೆಗೆ ಜನ. ಒಬ್ಬರು ಬಾಳೆಗೊನೆ ತಂದರು, ಒಬ್ಬರು ಜೇನುತುಪ್ಪ ತಂದರು. “ನಮಗೂ ಒಂಚೂರು ದಾರಿ ತೋರ್ಸಿ ಮಾರಾಯ್ರೆ. ಒಬ್ರೇ ತಿಂದ್ರೆ ಹೆಂಗೆ?” ನಾನು ದೇವರಾಣೆ ಮಾಡಿದೆ. ಆಣೆ ಮಾಡುವಷ್ಟು ದೊಡ್ಡ ಮೊತ್ತವಾ ಎಂದು ಅವರು ಬೆರಗಾದರು! ಗೇಟಿಗೆ ಬಣ್ಣ ಬಳಿಸಿದೆ, ಅದೂ ಸಾಕ್ಷಿಯಾಯಿತು. ಕಡೆಗೆ ಸುಮಿತ್ರಳೇ ಬೀರು ಕೆದಕಿ ನೋಡಿ, “ನನ್ನ ಹತ್ರನೂ ಮುಚ್ಚಿಡ್ತೀರಲ್ಲ, ನಾನೇನು ಹೊರಗಿನೋಳಾ?” ಎಂದು ಮುಖ ಊದಿಸಿದಳು.

“ಅಯ್ಯೋ, ಅದನ್ನ ಬೀರುವಿನಲ್ಲಿ ಇಡಕ್ಕಾಗಲ್ಲ ಕಣೇ.”

“ನೋಡಿದ್ರಾ, ಎಲ್ಲಿಡಬೇಕು ಅಂತ್ಲೂ ಗೊತ್ತು!”

ಅಂದು ಮೇಷ್ಟ್ರ ಬುದ್ಧಿ ಜಾಗೃತವಾಯಿತು. ಬಾಯಲ್ಲಿ ಹೇಳಿದರೆ ತಿಳಿಯದ ಮಕ್ಕಳಿಗೆ ಬೋರ್ಡಿನ ಮೇಲೆ ಮಾಡಿ ತೋರಿಸಬೇಕು. ನಾನೇ ಸ್ವಲ್ಪ ದುಡ್ಡು ಹಾಕಿ, ಎಲ್ಲರೆದುರು ಶಾಸ್ತ್ರೋಕ್ತವಾಗಿ ನಷ್ಟ ಮಾಡಿಕೊಂಡು ತೋರಿಸುತ್ತೇನೆ! ಅದಕ್ಕಾಗಿ ಇದ್ದುದರಲ್ಲೇ ಕಳಪೆ ಕಾಯಿನ್ನನ್ನು ಶ್ರದ್ಧೆಯಿಂದ ಹುಡುಕಿದೆ. ಬಾಲ ಎತ್ತಿದ ಅಳಿಲಿನ ಚಿತ್ರವಿದ್ದ ಒಂದು ಕಾಯಿನ್ ಸಿಕ್ಕಿತು. ಇದು ಖಂಡಿತ ಮುಳುಗುತ್ತದೆ ಎಂಬ ಭರವಸೆಯಿಂದ ಕೊಂಡೆ.

ಅಳಿಲು ಮರ ಹತ್ತತೊಡಗಿತು!

ನಮ್ಮಲ್ಲಿ ಸಿಗ್ನಲ್ ಸಿಗುವುದು ತೋಟದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ದಿನಾ ಬೆಳಿಗ್ಗೆ ನಾನು ಮೊಬೈಲು ಹಿಡಿದು ಹತ್ತುವುದು, ಹಿಂದೆ ನಾಗೇಶ ಗೌಡ್ರು, ಅವರ ಹಿಂದೆ ಊರು. “ಎಷ್ಟಾಯ್ತು?” “ಇನ್ನೂ ಏರಿದೆ.” “ಹೋ!” ನಾನು ಸಪ್ಪಗೆ ಮುಖ ಮಾಡಿ ಇಳಿಯುತ್ತಿದ್ದೆ. ಆಮೇಲಾಮೇಲೆ ಅಷ್ಟು ಸಪ್ಪಗಿರಲು ಕಷ್ಟವಾಗತೊಡಗಿತು. ಒಂದು ದಿನ ಯಾರೂ ಏಳುವ ಮೊದಲೇ ಒಬ್ಬನೇ ಟ್ಯಾಂಕ್ ಹತ್ತಿ, ಬೆಲೆ ನೋಡಿ, ಟ್ಯಾಂಕನ್ನೇ ತಬ್ಬಿಕೊಂಡೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ನಾನು ಬದನೆಕಾಯಿಯ ಗಿಡವನ್ನೇ ಬಾಯಿಗಿಟ್ಟಿದ್ದೆ. ಆ ವರ್ಷ ತೊಳೆದು ಒಣಗಿಸಿಟ್ಟಿದ್ದ ಪಾರ್ಚ್‌ಮೆಂಟ್ ಕಾಫಿಯನ್ನೆಲ್ಲ ಹೆಂಡತಿಗೆ ತಿಳಿಯದ ಹಾಗೆ ಮಾರಿ ಅಳಿಲಿಗೆ ತಿನ್ನಿಸಿದೆ.

ಅಷ್ಟರಲ್ಲಿ ಸುಮಿತ್ರ ಹತ್ತಿರ ಬಂದು ಕೂತಳು. ಮೆಣಸಿಗೆ ರೇಟು ಬಂದಿತ್ತು.

“ರೀ, ಮೆಣಸು ಮಾರ್ತೀನಿ. ಆ ದುಡ್ಡನ್ನ ಇದಕ್ಕೇ ಹಾಕಿದ್ರೆ? ಹಳೇ ಕಾರು ಯಾಕೆ, ಹೊಸದನ್ನೇ ತಗೋಬಹುದಲ್ವಾ? ನೀವು ಹೇಗೆ ಹೇಳ್ತೀರೋ ಹಾಗೆ.”

ಇಲ್ಲಿ ನಾನು ‘ಬೇಡ’ ಅನ್ನಬೇಕಿತ್ತು. ನನಗೆ ಗೊತ್ತಿತ್ತು. ನಾನೇ ಮೈಕಿನಲ್ಲಿ ಹೇಳಿದ ಒಂದೊಂದು ಮಾತೂ ನೆನಪಿತ್ತು. ಆದರೆ ಬಾಯಿಂದ ಬಂದದ್ದು, “ಹಾಕು ಸುಮಿತ್ರಾ. ಧೈರ್ಯವಾಗಿ ಹಾಕು! ಇದು ಇನ್ನೂ ಏರತ್ತೆ.”

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು. ಆ ಉತ್ಸಾಹದಲ್ಲೇ ನಾನು ಮಾರನೇ ಬೆಳಿಗ್ಗೆ ಟ್ಯಾಂಕಿನ ಕಟ್ಟೆಯ ಮೇಲೆ ನಿಂತು ಊರಿಗೇ ಸಾರಿದೆ: “ನಾನು ಮೊದಲು ಹೇಳಿದ್ದು ತಪ್ಪು. ನೀವೂ ಹಾಕಿ! ಹೇಗೆ ಹಾಕೋದು ಅಂತ ನಾನೇ ಕಲಿಸ್ತೀನಿ!”

ಯಾಕೋ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಕತ್ತಿ, ಬುಟ್ಟಿ ಎತ್ತಿಕೊಂಡು ತೋಟದ ಕೆಲಸ ನೆನಪಿಸಿಕೊಂಡರು.

ಆಮೇಲಿನ ಶುಕ್ರವಾರ ಸುಮಿತ್ರ ಮೆಣಸಿನ ಚೀಲಗಳನ್ನು ಗೌಡ್ರ ಜೀಪಿಗೆ ಹೇರಿಸಿ ಅವರ ಜತೆ ಕಳಸಕ್ಕೆ ಹೋದಳು. ನಾನು ಟಾಟಾ ಮಾಡಿ, ಹಾಗೇ ಟ್ಯಾಂಕಿನ ಕಡೆ ಹತ್ತಿದೆ.

ಅಳಿಲು ಬಿದ್ದಿತ್ತು! ಕೊಂಬೆಯಿಂದ ಕೊಂಬೆಗೆ ಅಲ್ಲ, ನೇರ ನೆಲಕ್ಕೆ. ಮೊಬೈಲು ಕೆಟ್ಟಿರಬೇಕೆಂದು ಆಫ್ ಮಾಡಿ ಆನ್ ಮಾಡಿದೆ. ಅಷ್ಟರಲ್ಲಿ ಇನ್ನೂ ಕೆಳಗೆ ಹೋಗಿತ್ತು. ಮಾರೋಣವೆಂದು ಒತ್ತಿದರೆ ಕೊಳ್ಳುವವರೇ ಇಲ್ಲ. ಕಾಫಿಯಾದರೆ ರೇಟು ಬಿದ್ದರೂ ಚೀಲ ಚೀಲವಾಗಿ ಗೋಡೌನಿನಲ್ಲಿ ಕೂತಿರುತ್ತದೆ. ಇಲ್ಲಿ ಒಂದು ಕಾಳೂ ಇಲ್ಲ. ಅತಿ ಆಸೆ ಗತಿ ಕೇಡು ಎಂದು ಎಷ್ಟು ಮಕ್ಕಳ ಕೈಲಿ ಕಾಪಿ ಬರೆಸಿದ್ದೆನೋ!

ಆಗ ಸುಮಿತ್ರಳ ನೆನಪಾಯಿತು. ಹೇಗೆ ಹಾಕುವುದೆಂದು ಅವಳಿಗೆ ನಾನೇ ಕಲಿಸಿಕೊಟ್ಟಿದ್ದೆ, ಮೊಬೈಲಿನಲ್ಲಿ ಎಲ್ಲ ತಯಾರು ಮಾಡಿಯೂ ಕೊಟ್ಟಿದ್ದೆ. ಫೋನು ಮಾಡಿದೆ. ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.’ ಗೌಡ್ರಿಗೆ ಮಾಡಿದೆ. ಅವರೂ ಹೊರಗಿದ್ದರು. ಎದ್ದೆನೋ ಬಿದ್ದೆನೋ ಎಂದು ಇಳಿದು, ರಸ್ತೆಯಲ್ಲಿ ಬಂದ ಜೀಪಿನ ಹಿಂದೆ ಜೋತುಬಿದ್ದು ಕಳಸ ಸೇರಿದೆ. ಮೆಣಸಿನ ವ್ಯಾಪಾರಿ ಆರಾಮವಾಗಿ ಎಲೆಯಡಿಕೆ ಹಾಕುತ್ತಿದ್ದ. “ಅಮ್ಮಾವ್ರಾ? ಒಳ್ಳೆ ರೇಟಿಗೆ ಕೊಟ್ರು. ದುಡ್ಡು ಆಗ್ಲೇ ಅವರ ಖಾತೆಗೆ ಹಾಕಿದೆ. ಮೊಬೈಲಲ್ಲಿ ಏನೋ ಒತ್ತಿಕೊಂಡು ಗೌಡ್ರ ಜತೆ ಹೋದ್ರು.”

ಏನೋ ಒತ್ತಿಕೊಂಡು! ನಾನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಸಿದೆ. ನನ್ನ ಕಾಫಿ ಹೋದದ್ದು ನನ್ನ ಪಾಪ. ಆದರೆ ಆ ಮೆಣಸನ್ನು ಅವಳು ಏಣಿ ಹತ್ತಿ ತಾನೇ ಕೊಯ್ದಿದ್ದಳು, ತಾನೇ ಒಣಗಿಸಿದ್ದಳು. ಅವಳಿಗೆ ಯಾವ ಮುಖ ತೋರಿಸಲಿ? ಸಂಜೆಯವರೆಗೂ ಅಲ್ಲೇ ಕೂತು ಬಂದ ಬಸ್ಸುಗಳನ್ನೆಲ್ಲ ನೋಡಿದೆ. ನಿಜವಾಗಿ ಅಳು ಬಂತು.

ಕಿವಿಯ ಹತ್ತಿರವೇ ಹಾರ್ನ್ ಕೇಳಿ ಬೆಚ್ಚಿಬಿದ್ದೆ. ಒಂದು ಬಿಳಿ ಕಾರು. ಸ್ಟೇರಿಂಗ್ ಹಿಡಿದು ಸುಮಿತ್ರ! ಪಕ್ಕದಲ್ಲಿ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ಗೌಡ್ರು, ಹಿಂದೆ ಡ್ರೈವರ್ ಓಡಿಸಿಕೊಂಡು ಬರುತ್ತಿದ್ದ ಅವರ ಜೀಪು.

“ಇಲ್ಲೆಂತ ಮಾಡ್ತಿದೀರಿ? ಹತ್ತಿ, ಆಲ್ದೂರಿಗೆ ಹೋಗಿ ಕಾರು ತಂದಾಯ್ತು.”

“ಮತ್ತೆ... ಹಾಕ್ಲಿಲ್ವಾ?”

“ನೀವು ಬೇಡ ಬೇಡ ಅಂತಿದ್ದಾಗ ಹಾಕ್ಬೇಕು ಅಂತ ಭಾರೀ ಆಸೆ ಇತ್ತು. ಯಾವಾಗ ನೀವೇ ‘ಹಾಕು, ಇನ್ನೂ ಏರತ್ತೆ’ ಅಂದ್ರೋ, ಎದೆ ಧಸಕ್ ಅಂತು ಕಣ್ರೀ. ಆ ನರ್ಸಮ್ಮಂಗೆ ಇಲ್ಲಿಂದ್ಲೇ ದುಡ್ಡು ಕಳಿಸ್ಬಿಟ್ಟೆ.”

ಹಿಂದಿನ ಸೀಟಿಗೆ ಹತ್ತಿ ಕೂತ ನನ್ನ ಕಡೆ ಗೌಡ್ರು ತಿರುಗಿದರು. “ಊರಿನೋರೂ ಅಷ್ಟೇ ಮೇಷ್ಟ್ರೇ. ಎಲ್ರೂ ದುಡ್ಡು ಹೊಂಚ್ಕೊಂಡು ಕೂತಿದ್ರು. ನೀವು ಟ್ಯಾಂಕ್ ಹತ್ತಿ ‘ಹಾಕಿ’ ಅಂದ್ರಲ್ಲ, ಅವತ್ತೇ ಎಲ್ರೂ ಕೈ ಬಿಟ್ರು. ನಿಮ್ಮಿಂದ ಊರು ಉಳೀತು!”

ಗೌಡ್ರನ್ನು ಇಳಿಸಿ, ಮನೆಯ ತಿರುವಿಗೆ ಬಂದ ಮೇಲೆ ಪಾರ್ಚ್‌ಮೆಂಟಿನ ಕಥೆ ಹೇಳಿಬಿಟ್ಟೆ. ಸುಮಿತ್ರ ಗೇರು ಬದಲಾಯಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಪೆಟ್ರೋಲು ನಿಮ್ಮ ಪೆನ್ಷನ್ನಲ್ಲಿ” ಎಂದಳು, ಅಷ್ಟೇ.

ಹೋದ ವಾರ ಅವಳ ತಮ್ಮನ ಮಗಳ ಮದುವೆಗೆ ಚಿಕ್ಕಮಗಳೂರಿಗೆ ಹೋದೆವು. ಅವಳು ಓಡಿಸುವುದು, ನಾನು ಪಕ್ಕದಲ್ಲಿ ತೆಂಗಿನಕಾಯಿ ಚೀಲ ಹಿಡಿದುಕೊಳ್ಳುವುದು. ಪೇಟೆಯೊಳಗೆ ಛತ್ರ ಸಿಗಲಿಲ್ಲ. ಒಂದು ಸರ್ಕಲ್ಲಿನಲ್ಲಿ ಅವಳು ಕಾರು ನಿಧಾನ ಮಾಡಿ ಬಹಳ ಗೌರವದಿಂದ ಕೇಳಿದಳು, “ರೀ, ಎಡಕ್ಕಾ, ಬಲಕ್ಕಾ?”

ನಾನು ನಾಲ್ಕೂ ಕಡೆ ನೋಡಿ, ಬೋರ್ಡು ಓದಿ, ಪೂರ್ತಿ ಯೋಚನೆ ಮಾಡಿ ಹೇಳಿದೆ, “ಎಡಕ್ಕೆ.”

ಅವಳು ಬಲಕ್ಕೆ ತಿರುಗಿಸಿದಳು. ಛತ್ರ ಅಲ್ಲೇ ಇತ್ತು.