ಕರ್ನಲ್ ಅಳಿಯನಿಗೆ ಜಂಬದ ಪಾಠ

ಕರ್ನಲ್‌ಗಳಿಗೂ ಬುದ್ಧಿ ಹೇಳುವವರು ಈ ಭೂಮಿಯ ಮೇಲಿದ್ದಾರೆ ಎಂದು ನಾನು ಮೊದಲು ಕೇಳಿದ್ದು, ನನ್ನ ಅಳಿಯ ನನ್ನ ಬೀನ್ಸ್ ಕಾಳಿನ ಸಾರನ್ನು ನಪಾಸು ಮಾಡಿದ ದಿನ.

ಅಳಿಯ ಎವರಿಸ್ತೊ ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು, ಕರ್ನಲ್ ಆಗಿ ನಿವೃತ್ತನಾಗಿ, ಮಗಳು ನೊಯೆಮಿಯ ಜೊತೆ ಸಾನ್ ಆಂಟೋನಿಯೊದ ನನ್ನ ಮನೆಗೆ ಬಂದಿಳಿದಿದ್ದ. ನೊಯೆಮಿ ಆಸ್ಪತ್ರೆಯಲ್ಲಿ ನರ್ಸು, ಬೆಳಿಗ್ಗೆ ಏಳಕ್ಕೆ ಹೊರಟುಬಿಡುತ್ತಾಳೆ. ಉಳಿದದ್ದು ನಾನು, ಅವನು, ನನ್ನ ಅಡುಗೆಮನೆ. ಐವತ್ತೆಂಟು ವರ್ಷ ನಾನೊಬ್ಬಳೇ ಆಳಿದ ಸಾಮ್ರಾಜ್ಯ ಅದು. (ನನ್ನ ಯಜಮಾನರು ಸಿಪ್ರಿಯಾನೊ, ದೇವರು ಅವರ ಆತ್ಮವನ್ನು ಚೆನ್ನಾಗಿಟ್ಟಿರಲಿ, ಕುಡಿಯುವ ನೀರು ಬೇಕಾದರೂ ಹೊಸ್ತಿಲಾಚೆ ನಿಂತೇ ಕೇಳುತ್ತಿದ್ದರು.) ಎವರಿಸ್ತೊ ಒಂದು ಗುಂಡೂ ಹಾರಿಸದೆ ಮೂರೇ ದಿನದಲ್ಲಿ ಅದನ್ನು ಗೆದ್ದ. ಮೆಣಸಿನಕಾಯಿ ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತವು. ಪ್ರತಿ ಊಟದ ನಂತರ ಪರಾಮರ್ಶೆ ಶುರುವಾಯಿತು. ಸೈನ್ಯದಲ್ಲಿ ಯಾವ ಕಾರ್ಯಾಚರಣೆ ಮುಗಿದರೂ ಕೂತು ಹಾಗೆ ಮಾತಾಡುತ್ತಾರಂತೆ.

“ಅತ್ತೇ, ಉದ್ದೇಶ ಇದ್ದದ್ದು ಸಾರು. ಆಗಿದ್ದು ಗಾರೆ. ಯಾಕೆ ಹೀಗಾಯ್ತು ಅಂತ ಮನಸ್ಸು ಬಿಚ್ಚಿ ಮಾತಾಡೋಣ.”

“ಯಾಕಂದ್ರೆ ನೀನು ಹನ್ನೊಂದು ಸಲ ಮುಚ್ಚಳ ತೆಗೆದು ತಪಾಸಣೆ ಮಾಡ್ದೆ!”

“ಹೌದು. ತಪ್ಪು ನನ್ನದೇ,” ಅಂದವನೇ ಪುಸ್ತಕದಲ್ಲಿ ಬರೆದುಕೊಂಡ.

ಇದು ಅವನ ಇನ್ನೊಂದು ರೋಗ. ತಪ್ಪೆಲ್ಲ ತನ್ನದು, ಹೆಸರು ಬರುವುದೆಲ್ಲ ಬೇರೆಯವರದು. ಅವರಲ್ಲಿ ಮೇಲಧಿಕಾರಿಯಾದವನ ಮರ್ಯಾದೆಯೇ ಅದಂತೆ. ನೆಟ್ಟಗೆ ಜಗಳಕ್ಕೂ ಬಾರದ ಅಳಿಯನನ್ನು ಕಟ್ಟಿಕೊಂಡು ಅತ್ತೆಯಾದವಳು ಹೊತ್ತು ಕಳೆಯುವುದಾದರೂ ಹೇಗೆ?

ಸಂಜೆ ಮಗಳು ಬಂದ ಕೂಡಲೇ ಹೇಳಿದೆ. “ಒಂದೋ ನಿನ್ನ ಗಂಡನಿಗೊಂದು ಕೆಲಸ ಹುಡುಕು, ಇಲ್ಲ ನನಗೊಂದು ಅಡುಗೆಮನೆ ಹುಡುಕು.”

“ಅಮ್ಮಾ, ಅದಕ್ಕೇ ಅಂತ ಜನ ಇದಾರೆ. ಸೈನ್ಯ ಬಿಟ್ಟ ದೊಡ್ಡ ಅಧಿಕಾರಿಗಳಿಗೆ ಹೊರಗಡೆ ಕೆಲಸ ಹಿಡಿಯೋದು ಹೇಗೆ ಅಂತ ಹೇಳಿಕೊಡ್ತಾರೆ.”

“ಲಾರಿ ದಂಡನ್ನೇ ನಡೆಸಿದೋನಿಗೆ ಬಾಗಿಲು ದಾಟೋದು ಹೇಳಿಕೊಡಬೇಕಾ?”

ಬೇಕಾಗಿತ್ತು. ಆ ವಾರವೇ ವೋಗೆಲ್ ಎಂಬ ಸಲಹೆಗಾರ್ತಿ ಕಂಪ್ಯೂಟರಿನೊಳಗೆ ಪ್ರತ್ಯಕ್ಷಳಾದಳು. ಬೆಳಕು ಚೆನ್ನಾಗಿರುವುದು ನನ್ನ ಅಡುಗೆಮನೆಯ ಮೇಜಿನ ಹತ್ತಿರವೇ ಆದ್ದರಿಂದ ಅಲ್ಲೇ ಕೂತಿದ್ದ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. (ಕದ್ದು ಕೇಳಲಿಲ್ಲ. ನನ್ನ ಮನೆ, ನನ್ನ ಕಿವಿ.)

“ಕರ್ನಲ್, ನಿಮ್ಮ ದೊಡ್ಡ ಸಾಧನೆ ಒಂದು ಹೇಳಿ.”

“ಪ್ರವಾಹದಲ್ಲಿ ನಲವತ್ತು ಲಾರಿ ಹೊಳೆ ದಾಟಿತು. ಆದ್ರೆ ಅದು ಚಾಲಕರ ಕೆಲಸ.”

“ದಾರಿ ಹುಡುಕಿದ್ದು?”

“ಸಾರ್ಜೆಂಟ್ ಬೂನ್.”

“ಹೊರಡಿ ಅಂತ ಅಪ್ಪಣೆ ಕೊಟ್ಟಿದ್ದು?”

“ಹವಾಮಾನದೋರು ಸರಿಯಾಗಿ ಹೇಳಿದ್ರು, ಅದಕ್ಕೇ...”

“ಹಾಗಾದ್ರೆ ನೀವೇನು ಮಾಡ್ತಾ ಇದ್ರಿ ಸ್ವಾಮಿ?”

“ಒಂದು ಲಾರಿ ಕೆಸರಲ್ಲಿ ಸಿಕ್ಕಿಹಾಕಿಕೊಳ್ತು. ಅದು ನನ್ನ ತಪ್ಪು.”

ವೋಗೆಲಮ್ಮ ಹಣೆ ಹಿಡಿದುಕೊಂಡಳು. “ಶುಕ್ರವಾರ ಸಾಗಾಣಿಕೆ ಕಂಪನಿಯ ಇಂಟರ್‌ವ್ಯೂ ಇದೆ. ಅಷ್ಟರೊಳಗೆ ನಿಮ್ಮನ್ನ ನೀವು ಹೊಗಳಿಕೊಳ್ಳೋದು ಕಲೀಲೇಬೇಕು. ಮನೇಲಿ ಯಾರಾದ್ರೂ ಅಭ್ಯಾಸ ಮಾಡಿಸ್ತಾರಾ?”

“ನಾನಿದೀನಿ!” ಎಂದು ಚಾಕು ಎತ್ತಿ ಕೂಗಿದೆ.

ಆಗಲೇ ನನಗೆ ಆ ದಿವ್ಯ ಉಪಾಯ ಹೊಳೆದದ್ದು. ಹಿತ್ತಲ ಮರದ ಅಕ್ರೋಟಿನಂಥ ಪೆಕಾನ್ ಕಾಯಿ ಎರಡು ಮೂಟೆ ಸುಲಿಯದೆ ಬಿದ್ದಿತ್ತು. ಡಿಸೆಂಬರಿನ ಗ್ವಾದಲೂಪೆ ಮೇರಿ ಮಾತೆಯ ಹಬ್ಬಕ್ಕೆ ಮುನ್ನೂರು ಪೆಕಾನ್ ಮಿಠಾಯಿ ಕೊಡುತ್ತೇನೆಂದು ಚರ್ಚಿನಲ್ಲಿ ಎದೆ ತಟ್ಟಿ ಹೇಳಿ ಬಂದಿದ್ದೆ. ಬೆರಳುಗಳೋ, ಶುಂಠಿ ಬೇರಿನ ಹಾಗೆ ಗಂಟುಕಟ್ಟಿದ್ದವು. ನನ್ನವ್ವ ಇದೇ ಊರಿನ ಶೆಡ್ಡುಗಳಲ್ಲಿ ಕೂಲಿಗೆ ಪೆಕಾನ್ ಸುಲಿದವಳು. ಮೂರನೇ ಕ್ಲಾಸು ಬಿಟ್ಟು ನಾನೂ ಅವಳ ಪಕ್ಕ ಕೂತವಳು. ಒಡೆದ ಕಾಯಿಗಳ ಲೆಕ್ಕ ನನ್ನ ಬೆರಳಿಗೆ ಇನ್ನೂ ನೆನಪಿದೆ.

“ನೋಡು ಕರ್ನಲ್, ಒಂದೇ ಕಾನೂನು,” ಅಂದೆ. “ನೀನು ಮಾಡಿದ್ದನ್ನ ಬೇರೆಯವರ ತಲೆಗೆ ಕಟ್ಟಿದ್ರೆ, ಸಲಕ್ಕೆ ಹತ್ತು ಕಾಯಿ ಸುಲೀಬೇಕು.”

“ನ್ಯಾಯವಾಗಿದೆ ಅತ್ತೆ,” ಅಂದ ಪಾಪ.

“ಮಾಡು ಸೋರ್ತಿತ್ತಲ್ಲ, ಸರಿ ಮಾಡಿದೋರು ಯಾರು?”

“ಪಕ್ಕದ ಮನೆಯೋರು ಏಣಿ ಕೊಟ್ಟಿದ್ದಕ್ಕೆ...”

“ಹತ್ತು!”

“ಕ್ಷಮಿಸಿ, ಈ ಕಾನೂನು ಎಷ್ಟು ಚೆನ್ನಾಗಿ ಯೋಚನೆ ಮಾಡಿದೀರಿ ಅತ್ತೆ, ಅದಕ್ಕೇ ನಾನು ಬೇಗ ಕಲೀತಿದೀನಿ.”

“ಇನ್ನೂ ಹತ್ತು!”

ಬುಧವಾರಕ್ಕೆ ಒಂದೂವರೆ ಮೂಟೆ ಖಾಲಿ. ಅವನು ಸುಲಿದ ಬೇಳೆಗಳು ಒಂದೂ ಮುರಿಯದೆ, ಅವನ ಸಿಪಾಯಿಗಳ ಹಾಗೆ ತಟ್ಟೆಯಲ್ಲಿ ಸಾಲಾಗಿ ಮಲಗಿದ್ದವು. ಎಂಬತ್ತು ವರ್ಷದಲ್ಲಿ ನನಗೆ ಇಷ್ಟು ಒಳ್ಳೆಯ ಆಳು ಸಿಕ್ಕಿರಲಿಲ್ಲ.

ಗುರುವಾರ ಬೆಳಿಗ್ಗೆ ಅನಾಹುತವಾಯಿತು. “ಇವತ್ತು ಕಾಫಿ ಯಾರು ಮಾಡಿದ್ದು?” ಎಂದು ಕೇಳಿದರೆ, ಅಳಿಯ ಗಂಟಲು ಸರಿಮಾಡಿಕೊಂಡು, “ನಾನೇ ಮಾಡಿದ್ದು. ಚೆನ್ನಾಗಿದೆ,” ಅಂದುಬಿಟ್ಟ!

ಇನ್ನೂ ಅರ್ಧ ಮೂಟೆ ಉಳಿದಿದೆ! ಒಂದು ಕಡೆ ನನ್ನ ಅಡುಗೆಮನೆಯ ಸ್ವಾತಂತ್ರ್ಯ, ಇನ್ನೊಂದು ಕಡೆ ಆ ಅರ್ಧ ಮೂಟೆ. ಗ್ವಾದಲೂಪೆಯ ತಾಯಿ ಮೇಲಿಂದ ನೋಡುತ್ತಿದ್ದಾಳೆಂದು ಗೊತ್ತಿದ್ದೂ ನನ್ನ ನಾಲಗೆ ಹೊರಳಿತು.

“ಅಯ್ಯೋ ದೇವರೇ, ಇಷ್ಟೊಂದು ಜಂಬವಾ? ನಿಮ್ಮಮ್ಮ ಬದುಕಿದ್ರೆ ಏನಂತಿದ್ರೋ.”

ಅವನು ಮುಟ್ಟಿದರೆ ಮುನಿಯಂತೆ ಮುದುಡಿಹೋದ. “ಕಾಫಿ ಪುಡಿ ನೊಯೆಮಿ ತಂದಿದ್ದು,” ಎಂದ ಮೆಲ್ಲಗೆ. ಸಂಜೆಯೊಳಗೆ ಮೂಟೆ ಖಾಲಿ.

ಶುಕ್ರವಾರ ಅವನು ಇಂಟರ್‌ವ್ಯೂನಲ್ಲಿ ಡುಮ್ಕಿ ಹೊಡೆದ. ಸಾಧನೆ ಕೇಳಿದ್ದಕ್ಕೆ ನಲವತ್ತೂ ಚಾಲಕರ ಹೆಸರು ಹೇಳಿದನಂತೆ. ತಪ್ಪು ಕೇಳಿದ್ದಕ್ಕೆ ಆ ಕೆಸರಿನ ಲಾರಿಯ ನಕ್ಷೆ ಬರೆದು ತೋರಿಸಿದನಂತೆ. ಮೇಜಿನ ಮುಂದೆ ತಲೆ ತಗ್ಗಿಸಿ ಕೂತವನನ್ನು ನೋಡಿ, ಪಾತ್ರೆಯಲ್ಲಿ ಕುದಿಯುತ್ತಿದ್ದ ಮಿಠಾಯಿ ಪಾಕ ನನಗೆ ಕಹಿಯಾಗಿ ಕಂಡಿತು. (ನಿಜವಾಗಿ ಕಹಿಯಾಗಿರಲಿಲ್ಲ. ಹಬ್ಬದಲ್ಲಿ ಮುನ್ನೂರರಲ್ಲಿ ಒಂದೂ ಉಳಿಯಲಿಲ್ಲ.)

ಹಬ್ಬ ಕಳೆದ ಮೇಲೆ ವೋಗೆಲಮ್ಮ ಮತ್ತೆ ಕಂಪ್ಯೂಟರಿನಲ್ಲಿ ಮೂಡಿದಳು.

“ಕರ್ನಲ್, ನಮ್ಮಲ್ಲೇ ಸಲಹೆಗಾರರಾಗಿ ಬನ್ನಿ. ನಾನು ಸಮವಸ್ತ್ರ ಹಾಕಿದವಳಲ್ಲ, ಕರ್ನಲ್‌ಗಳು ನನ್ನ ಮಾತು ಕೇಳಲ್ಲ. ನಿಮ್ಮದು ಕೇಳ್ತಾರೆ. ಮನೆಯಿಂದಲೇ ಕೆಲಸ. ಆ ಮೇಜೂ ಬೆಳಕೂ ಬಹಳ ಚೆನ್ನಾಗಿದೆ.”

ನನ್ನ ಕೈಯಿಂದ ಸೌಟು ಬಿತ್ತು.

“ಅಂದ ಹಾಗೆ, ನಿಮ್ಮ ಹೆಂಡತಿ ಹೇಳಿದ್ರು, ಕೊನೆಗೆ ಕಾಫಿ ಬಗ್ಗೆಯಾದ್ರೂ ಹೊಗಳಿಕೊಂಡ್ರಂತಲ್ಲ? ಅದು ಹೇಗೆ ಸಾಧ್ಯವಾಯ್ತು?”

ನಾನು ಬೆರಳು ತುಟಿಗಿಟ್ಟು ಸನ್ನೆ ಮಾಡಿದೆ. ಯಾರಿಗೆ? ಜೀವನದಲ್ಲಿ ಒಂದೇ ಒಂದು ಹೊಗಳಿಕೆಯನ್ನೂ ತನ್ನ ಜೇಬಿಗೆ ಹಾಕಿಕೊಳ್ಳದವನಿಗೆ!

“ನನ್ನದೇನೂ ಇಲ್ಲ. ಎಲ್ಲಾ ನಮ್ಮತ್ತೆಯವರದೇ. ಪೆಕಾನ್ ಪದ್ಧತಿ ಅವರೇ ಕಂಡುಹಿಡಿದಿದ್ದು.”

“ಅದ್ಭುತ!” ಎಂದಳು ವೋಗೆಲಮ್ಮ. “ಎಲ್ಲರಿಗೂ ಅದನ್ನೇ ಮಾಡಿಸಿ!”

ಈಗ ಸೋಮವಾರ ಸೋಮವಾರ ನನ್ನ ಅಡುಗೆಮನೆಗೆ ಆರು ಕರ್ನಲ್‌ಗಳು ಬರುತ್ತಾರೆ, ಅದೂ ಹೇಳಿದ ಹೊತ್ತಿಗೆ ಕಾಲು ಗಂಟೆ ಮುಂಚೆ. ಒಬ್ಬ ಡಬ್ಬಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದರೆ ಇನ್ನೊಬ್ಬ ಬಣ್ಣದ ಪ್ರಕಾರ ನಿಲ್ಲಿಸುತ್ತಾನೆ. ಮೊದಲ ಸೋಮವಾರ ಅವರೇ ಒಂದು ಮೂಟೆ ಪೆಕಾನ್ ಹೊತ್ತು ತಂದಿದ್ದರು. ಸೋತರೂ ಲಾಭವೇ ಎಂದುಕೊಂಡು ಎಲ್ಲರಿಗೂ ಹೊಸದಾಗಿ ಮಾಡಿದ ಮಿಠಾಯಿ ಹಂಚಿದೆ.

ಎವರಿಸ್ತೊ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ. “ಆಹಾ! ಇಷ್ಟು ರುಚಿಯಾದ ಮಿಠಾಯಿ ಯಾರು ಮಾಡಿದ್ದು ಅತ್ತೆ?”

ಆರು ಜನ ದೊಡ್ಡ ಗಂಡಸರು ನನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಗಿ, “ಅಯ್ಯೋ, ನಂದೇನಿದೆ ಅದ್ರಲ್ಲಿ? ಮರ ಕೊಡ್ತು, ನೀನು ಸುಲಿದೆ, ಆ ತಾಯಿ ಕೈಹಿಡಿದು ನಡೆಸಿದಳು,” ಅಂದುಬಿಟ್ಟೆ.

ಆರು ದವಡೆಗಳು ಒಮ್ಮೆಲೇ ನಿಂತವು. ಎವರಿಸ್ತೊ ಮೂಟೆಗೆ ಕೈ ಹಾಕಿ, ನನ್ನ ಮುಂದೆ ಒಂದೊಂದಾಗಿ ಹತ್ತು ಕಾಯಿ ಎಣಿಸಿಟ್ಟ. ಅವನು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

“ಗುರುವಾರದ ಕಾಫಿ ನನಗೆ ಚೆನ್ನಾಗಿ ನೆನಪಿದೆ ಅತ್ತೆ,” ಅಂದ. ಆಮೇಲೆ ಬಹಳ ವಿನಯದಿಂದ ಕೇಳಿದ:

“ಕೈಯಲ್ಲೇ ಒಡೀತೀರಾ, ಸುತ್ತಿಗೆ ಕೊಡ್ಲಾ?”