ಪಂಪಣ್ಣನವರಿಗೆ ನಾನು ಎಸೆದ ಮೂರು ಚೆಂಡುಗಳು

ನಮ್ಮ ಹೊಸಪೇಟೆಯ ಪಂಪಣ್ಣನವರು ಬೇಸ್‌ಬಾಲ್‌ನಲ್ಲಿ ದೇಶದ ತಂಡಕ್ಕೆ ಆಡಿದವರು. ಬದುಕಿದ್ದಾಗ "ಅದ್ಯಾವ ಬಾಲು?" ಎಂದು ಕೇಳುತ್ತಿದ್ದ ಊರು, ಅವರು ತೀರಿಕೊಂಡ ಮೇಲೆ ಮೂರು ಫ್ಲೆಕ್ಸ್ ಹಾಕಿತು. ಅವುಗಳಲ್ಲಿ ಅವರ ಫೋಟೊ ಚಿಕ್ಕದು, ಹಾಕಿಸಿದವರದು ದೊಡ್ಡದು.

ನಾನು ಮಾತ್ರ ಮೊದಲಿನಿಂದಲೂ ಅವರ ಅಭಿಮಾನಿ. ಕಾಲುವೆ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸತರಲ್ಲಿ, ಟಿ.ಬಿ. ಡ್ಯಾಂ ಮೈದಾನದಲ್ಲಿ ಮೂರೇ ಎಸೆತಕ್ಕೆ ಅವರನ್ನು ಔಟ್ ಮಾಡಿದವನು ನಾನೇ ಎಂದು ಹೆಂಡತಿ ಸುಧಾಳಿಗೆ ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದೇನೆ. ಆಕೆ ನಂಬಿದ್ದಳು. ಮನೆಯಲ್ಲಿ ನನಗಿದ್ದ ಮರ್ಯಾದೆಯೆಲ್ಲ ಆ ಮೂರು ಎಸೆತಗಳದ್ದೇ!

ಈ ವರ್ಷ ಕ್ರೀಡಾ ಸಂಘದವರು ಪಂಪಣ್ಣನವರ ನೆನಪಿಗೆ 'ಲೆಟರ್‌ಬಾಕ್ಸ್ ಬೇಟೆ' ಇಟ್ಟರು. ಅವರ ಸಮಾಧಿಯಿರುವ ರುದ್ರಭೂಮಿಯಲ್ಲಿ ಒಂದು ಡಬ್ಬಿ ಬಚ್ಚಿಟ್ಟಿರುತ್ತಾರೆ. ಒಳಗೊಂದು ಪುಸ್ತಕ, ಒಂದು ರಬ್ಬರ್ ಮುದ್ರೆ. ಸುಳಿವು ಹಿಡಿದು ಹುಡುಕಿ, ನಮ್ಮ ಕಾಗದಕ್ಕೆ ಮುದ್ರೆ ಒತ್ತಿಕೊಂಡು, ಪುಸ್ತಕದಲ್ಲಿ ಹೆಸರು ಬರೆದು ಬರಬೇಕು. ಪಂಪಣ್ಣನವರನ್ನೇ ಔಟ್ ಮಾಡಿದವನಿಗೆ ಒಂದು ಡಬ್ಬಿ ಯಾವ ಲೆಕ್ಕ?

"ರುದ್ರಭೂಮಿಗೆ ಹೊಂಟೀರಿ, ಬರೇ ಕೈಲೆ ಬ್ಯಾಡ" ಎಂದು ಸುಧಾ ನನ್ನ ಜೇಬಿಗೆ ಎರಡು ನಿಂಬೆಹಣ್ಣು ತುರುಕಿದಳು. "ಬಂದ ಕೂಡ್ಲೆ ಹಿತ್ತಲದಾಗ ಸ್ನಾನ. ಹಂಗs ಒಳಗ ಬಂದ್ರ ನೋಡ್ರಿ ಮತ್ತ!"

ಸಮಾಧಿಗೆಂದು ತೆಂಗಿನಕಾಯಿ, ಊದಿನಕಡ್ಡಿ ತೆಗೆದುಕೊಂಡೆ. ಮುದ್ರೆಗೆಂದು ಕೆಂಪು ಶಾಯಿಯ ಪ್ಯಾಡು. ಮುಂಜಾಗ್ರತೆಗೆ ಒಂದು ಸಣ್ಣ ಗುದ್ದಲಿ.

ಕಾಯಿ ಒಡೆದು, ಕಡ್ಡಿ ಹಚ್ಚಿದೆ. ಅಷ್ಟರಲ್ಲಿ ಪ್ಯಾಡು ಜೇಬಿನಲ್ಲೇ ತೆರೆದುಕೊಂಡು ಕೈಯೆಲ್ಲ ಕೆಂಪಾಯಿತು. ನಿಂಬೆಹಣ್ಣಿಗೂ ಬಣ್ಣ ಮೆತ್ತಿತ್ತು. ಒಣಗಲಿ ಎಂದು ಸಮಾಧಿಯ ಕಟ್ಟೆಯ ಮೇಲಿಟ್ಟೆ. ಸುಳಿವು ಹೀಗಿತ್ತು: ಪೂರ್ವಕ್ಕೆ ಹನ್ನೆರಡು ಹೆಜ್ಜೆ, ಬೇವಿನ ಮರ. ಗಟ್ಟಿಯಾಗಿ ಎಣಿಸುತ್ತ ನಡೆದು ಮರದ ಬುಡವನ್ನು ಅಗೆಯತೊಡಗಿದೆ. 'ಅಗೆಯಕೂಡದು' ಎಂಬ ಸಾಲು ಕಾಗದದ ಹಿಂಬದಿಯಲ್ಲಿತ್ತಂತೆ. ಆಫೀಸಿನಲ್ಲಿ ಅಷ್ಟು ವರ್ಷ ದುಡಿದವನು ನಾನು, ಕಾಗದ ತಿರುಗಿಸಿ ನೋಡುವ ಅಭ್ಯಾಸವೇ ಇಲ್ಲ!

"ಏಯ್! ಯಾರಲೇ ಅದು?"

ರುದ್ರಭೂಮಿಯ ಕಾವಲುಗಾರ ಹನುಮಂತಪ್ಪ! ಹಂಪಿಯ ಸುತ್ತಮುತ್ತ, ಕೆಂಪು ಬಳಿದ ನಿಂಬೆಹಣ್ಣಿಟ್ಟು ನೆಲ ಅಗೆಯುವವನನ್ನು ಏನೆನ್ನುತ್ತಾರೆಂದು ಹೇಳಬೇಕೆ? ನಿಧಿಗಳ್ಳ! ಐದೇ ನಿಮಿಷದಲ್ಲಿ ಹತ್ತಾರು ಜನ ಸೇರಿದರು.

"ನಿಧಿ ಅಲ್ರೀ, ಡಬ್ಬಿ ಹುಡಕಾಕ ಬಂದೀನಿ!" ಎಂದೆ.

"ನೋಡ್ರಿ, ತಾನs ಒಪ್ಕೊಂಡ! ಡಬ್ಬಿ ತುಂಬ ಐತಂತ!" ಎಂದರು ಜನ. "ಪೊಲೀಸ್ರಿಗೆ ಫೋನ್ ಹಚ್ರಿ ಜಲ್ದಿ!"

ನಾನು ಸುಧಾಳಿಗೆ ಫೋನ್ ಹಚ್ಚಿದೆ. ಆಟೊದಲ್ಲಿ ಬಂದವಳೇ ಗಂಡನ ಪರ ನಿಂತಳು. "ನಮ್ಮನಿಯವ್ರು ಅಂಥವ್ರಲ್ರೀ! ಆ ನಿಂಬಿಹಣ್ಣು ಕೊಟ್ಟಾಕಿ ನಾನು!"

"ಅಯ್ಯಯ್ಯಪ್ಪ, ಗಂಡ ಹೆಂಡ್ತಿ ಕೂಡೇ ಮಾಡ್ಯಾರ!"

ಅಷ್ಟರಲ್ಲಿ ಹನುಮಂತಪ್ಪನ ಕಣ್ಣಿಗೆ ಮರದ ಪೊಟರೆಯಲ್ಲಿದ್ದ ಡಬ್ಬಿ ಬಿತ್ತು. ತೆಗೆದು ಪುಸ್ತಕದ ಮೊದಲ ಪುಟ ಎಲ್ಲರಿಗೂ ಕೇಳುವಂತೆ ಓದಿದ. ಪಂಪಣ್ಣನವರ ಮಗ ಬರೆದದ್ದು. ಆ ಪುಣ್ಯಾತ್ಮ ಆಟದ ದಿನ ತೆಗೆದ ನನ್ನ ಫೋಟೊ ಬೇರೆ ಅಂಟಿಸಿದ್ದ!

"'ಅಪ್ಪ ಹೇಳಿ ಹೇಳಿ ನಗುತ್ತಿದ್ದ ಕಥೆ ಇದು. ಕಾಲುವೆ ಆಫೀಸಿನ ಗುರುರಾಜ ಅವರು ಅಪ್ಪನಿಗೆ ಮೂರು ಸಲ ಚೆಂಡು ಎಸೆದರು. ಮೊದಲನೆಯದು ಅಂಪೈರ್ ಹೊಟ್ಟೆಗೆ. ಎರಡನೆಯದು ಚಹಾದ ಕೆಟಲಿಗೆ. ಮೂರನೆಯದು ಕಾಲುವೆಗೆ. ಇದ್ದದ್ದು ಅದೊಂದೇ ಚೆಂಡು, ಆಟ ಮುಗಿಯಿತು.'"

ಹನುಮಂತಪ್ಪ ಫೋಟೊ ನೋಡಿದ, ನನ್ನನ್ನು ನೋಡಿದ. "ಈ ಗುರುರಾಜ ನೀವೇನ್ರೀ?"

ಅಲ್ಲವೆಂದರೆ ಪೊಲೀಸ್ ಠಾಣೆ. ಹೌದೆಂದರೆ ಸುಧಾ. ಮನಸ್ಸು ಠಾಣೆಯ ಕಡೆಗೇ ವಾಲಿತು!

"ಹೌದ್ರೀ, ನಾನs" ಎಂದೆ, ನೆಲ ನೋಡುತ್ತ.

"ಬಿಟ್ಬಿಡ್ರಪ್ಪೋ! ಎದುರಿಗೆ ನಿಂತಾವ್ಗ ಚೆಂಡು ಒಗಿಯಾಕ ಬರದವ್ರು, ನೆಲದಾಗಿನ ನಿಧಿ ಹುಡುಕ್ತಾರೇನು?" ಎಂದ ಹನುಮಂತಪ್ಪ.

ಜನ ನಗುತ್ತ ಚದುರಿದರು. ಸುಧಾ ನಗಲಿಲ್ಲ. ಪುಸ್ತಕದಲ್ಲಿ ಡಬ್ಬಿ ಹುಡುಕಿದವರ ಹೆಸರು ಬರೆಯುವುದು ಬಾಕಿಯಿತ್ತು. ಇವಳನ್ನು ಸಮಾಧಾನ ಮಾಡಲು ಇದೇ ಸರಿಯಾದ ದಾರಿ ಎಂದುಕೊಂಡು, ನನ್ನ ಹೆಸರಿನ ಬದಲು 'ಸುಧಾ' ಎಂದು ಬರೆಯಲು ಹೊರಟೆ.

ಆಕೆ ಪೆನ್ನು ಕಸಿದುಕೊಂಡಳು.

"ಬ್ಯಾಡ್ರಿ. ನನ್ನ ಹೆಸರಾದ್ರೂ ಚಲೋ ಇರ್ಲಿ."