ನಮೂನೆಯ ಕೇಕು

ಅಡುಗೆಮನೆಯ ಕಿಟಕಿಯೊಂದನ್ನು ಮುಚ್ಚಿದ್ದರೆ ಇಷ್ಟೆಲ್ಲಾ ರಾಮಾಯಣವೇ ಇರುತ್ತಿರಲಿಲ್ಲ. ಕೇಕಿನ ಪರಿಮಳ ಒಳಗೇ ಸುತ್ತಾಡಿಕೊಂಡಿರುತ್ತಿತ್ತು, ಸ್ಪಂಜಣ್ಣ ತನ್ನ ಪಾಡಿಗೆ ತಾನಿರುತ್ತಿದ್ದ. ಆದರೆ ಆ ದಿನ ಸೆಕೆ ಅಂತ ಕಿಟಕಿ ತೆರೆದ, ಕೆಟ್ಟ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅವನ ಕೇಕನ್ನು ಬೆರಳಿನಿಂದ ಒತ್ತಿದರೆ ಅದು ಮತ್ತೆ ಮೇಲೆದ್ದು ಕೂರುತ್ತಿತ್ತು. ಅವನನ್ನೂ ಯಾರು ಎಷ್ಟು ಒತ್ತಿದರೂ ಒಂದು ಮಾತೂ ಆಡದೆ ಮತ್ತೆ ಎದ್ದು ಕೂರುತ್ತಿದ್ದ. ಎರಡನ್ನೂ ಕಂಡ ಬೀದಿಯವರು ಸ್ಪಂಜಣ್ಣ ಎಂದು ಕರೆದರು, ಅದೇ ನಿಂತಿತು. ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸವಿತ್ತು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಕೂತು ಕೇಕು ಮಾಡಲು ಕಲಿತ. ಕಲಿತದ್ದೇನು, ಕೈಯಲ್ಲಿ ಅದೇನೋ ಹದ ಬಂದುಬಿಟ್ಟಿತು. ಅಕ್ಕಪಕ್ಕದವರು ಬಂದು ಕೊಂಡು ಹೋಗತೊಡಗಿದರು. ಬೆಳಿಗ್ಗೆ ಏಳುವಾಗಲೇ ಖುಷಿಯಾಗಿರುವುದು ಎಂದರೆ ಏನೆಂದು ಅವನಿಗೆ ಆ ವಯಸ್ಸಿನಲ್ಲಿ ಮೊದಲ ಸಲ ಗೊತ್ತಾಗಿತ್ತು.

ಇದು ಸರಿಬಾರದಿದ್ದದ್ದು ಅವನ ಭಾವನಿಗೆ, ಅಂದರೆ ಹೆಂಡತಿಯ ಅಣ್ಣನಿಗೆ. ಭಾವನದು ಸಿಮೆಂಟ್ ಅಂಗಡಿ. ಗಟ್ಟಿಯಾಗಿ ನಿಲ್ಲದ ಯಾವುದರ ಮೇಲೂ ಅವನಿಗೆ ನಂಬಿಕೆಯಿಲ್ಲ. ತನ್ನ ಅಂಗಡಿಗೆ ಬಂದು ಕೂತುಕೊಳ್ಳಿ ಅಂತ ಅವನು ಕರೆಯುತ್ತಲೇ ಇದ್ದ. ಸ್ಪಂಜಣ್ಣ ತಪ್ಪಿಸಿಕೊಳ್ಳುತ್ತಲೇ ಇದ್ದ. ಸಿಮೆಂಟಿನ ಧೂಳು ಮೂಗಿನ ಹತ್ತಿರ ಬಂದರೆ ಸಾಕು, ಮೈಯೆಲ್ಲ ಅಲುಗುವಂತೆ ಸೀನು ಬರುತ್ತಿತ್ತು.

ಆ ಬೆಳಿಗ್ಗೆ ಭಾವ ತಂಗಿಯ ಮನೆಗೆ ಬಂದು ಕಾಫಿ ಕುಡಿಯುತ್ತಿದ್ದಾಗಲೇ ಮಹಡಿ ಮೇಲಿನ ಗುಮಾಸ್ತರು ಪರಿಮಳದ ಬೆನ್ನು ಹತ್ತಿ ಕೆಳಗಿಳಿದು ಬಂದರು. ಅವರು ಲೈಸೆನ್ಸ್ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಸಂಬಳ ನಿಂತಿತ್ತು, ಕಾನೂನು ಮಾತ್ರ ಇನ್ನೂ ನಾಲಿಗೆಯ ತುದಿಯಲ್ಲೇ ಇತ್ತು.

"ಘಮಘಮ ಅಂತಿದೆ ಸ್ಪಂಜಣ್ಣ. ಅಂದ ಹಾಗೆ ಲೈಸೆನ್ಸ್ ಮಾಡಿಸಿದ್ದೀರ ತಾನೇ?"

"ಲೈಸೆನ್ಸಾ? ಕೇಕಿಗಾ?"

"ಮಾಡಿಸಿಲ್ವಾ? ಅಯ್ಯೋ, ಒಳಗೆ ಹಾಕ್ತಾರಪ್ಪ."

ಭಾವ ಕಾಫಿ ಲೋಟ ಕೆಳಗಿಟ್ಟ. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

"ನೋಡಿ, ನಮ್ಮನೆ ಮರ್ಯಾದೆ ಪ್ರಶ್ನೆ ಇದು. ಇವತ್ತು ಸಾಯಂಕಾಲದೊಳಗೆ ಲೈಸೆನ್ಸ್ ತಂದು ನನ್ನ ಕೈಗಿಡಿ. ಆಮೇಲೆ ನಿಮ್ಮ ತಂಟೆಗೆ ಬರಲ್ಲ. ತರಲಿಲ್ವೋ, ನಾಳೆಯಿಂದ ನನ್ನ ಅಂಗಡಿ."

ಸ್ಪಂಜಣ್ಣನಿಗೆ ಅಲ್ಲೇ ಒಂದು ಸೀನು ಬಂತು. ಹೆಂಡತಿ ಆಗ ತಾನೇ ಇಳಿಸಿದ್ದ ಕೇಕನ್ನು ಡಬ್ಬಿಗಿಟ್ಟು ಅವನ ಕೈಗೆ ಕೊಟ್ಟಳು. "ಹೋಗಿ ಬನ್ನಿ. ನಿಮ್ಮ ಕೇಕು ತಿಂದ ಮೇಲೆ ಇಲ್ಲ ಅನ್ನೋರು ಯಾರಿದ್ದಾರೆ?" ಎಂದಳು. ದಾರಿ ತೋರಿಸುತ್ತೇನೆಂದು ಗುಮಾಸ್ತರೂ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕಚೇರಿ ಎರಡು ಬೀದಿಯಾಚೆ ಇತ್ತು, ಭಾವನ ಅಂಗಡಿಯ ಎದುರಿಗೇ.

ಅಲ್ಲಿ ಕೇಕು ಮೂರು ಮೇಜು ದಾಟಬೇಕಾಗಿತ್ತು. ಮೊದಲು ಆರೋಗ್ಯದವರು ರುಚಿ ನೋಡಬೇಕು, ಆಮೇಲೆ ತೂಕದವರು ತೂಗಬೇಕು, ಕೊನೆಗೆ ಮೊಹರಿನ ಮೇಡಂ ಆ ಕೇಕಿಗೆ ಮೊಹರು ಹಾಕಿ ನಮೂನೆ ಅಂತ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. "ಅಷ್ಟೇ, ನೀರು ಕುಡಿದ ಹಾಗೆ" ಎಂದರು ಗುಮಾಸ್ತರು.

ಆರೋಗ್ಯದ ಸಾಹೇಬರು ದಪ್ಪನೆಯ ಮನುಷ್ಯ, ಮನಸ್ಸು ಒಳ್ಳೆಯದು. ಒಂದು ತುಂಡು ಕತ್ತರಿಸಿ ಬಾಯಿಗಿಟ್ಟರು, ಕಣ್ಣು ಮುಚ್ಚಿದರು. ಒಂದು ತುಂಡಿನಲ್ಲಿ ತೀರ್ಮಾನ ಹೇಳಲಾಗದು ಎಂದು ಇನ್ನೊಂದು ತಿಂದರು. ಸಹಾಯಕ ರಜೆಯಲ್ಲಿದ್ದಾನೆ, ಅವನ ಪರವಾಗಿಯೂ ನೋಡಬೇಕಲ್ಲ ಎಂದು ಮತ್ತೊಂದು. ಆಮೇಲೆ ಕಣ್ಣು ತೆರೆದು, "ಅದ್ಭುತ ರೀ. ಪಾಸು" ಎಂದರು.

ಸ್ಪಂಜಣ್ಣ ಹಿಗ್ಗಿ ಹೀರೇಕಾಯಿಯಾಗಿ ಪಕ್ಕದ ಮೇಜಿಗೆ ಓಡಿದ. ತೂಕದ ಸಾಹೇಬರು ಡಬ್ಬಿಯೊಳಗೆ ಇಣುಕಿ ಮುಖ ಸಿಂಡರಿಸಿದರು.

"ಏನ್ರೀ ಇದು, ಯಾರೋ ತಿಂದು ಬಿಟ್ಟಿದ್ದನ್ನ ತಂದಿದ್ದೀರಿ?"

"ಆರೋಗ್ಯದ ಸಾಹೇಬ್ರು ರುಚಿ ನೋಡಿದ್ರು ಸಾರ್."

"ಅವರು ಏನು ತಿಂತಾರೋ ಅದು ಅವರ ಇಲಾಖೆ. ನಾನು ಇಡೀ ಕೇಕು ಮಾತ್ರ ತೂಗೋದು. ಹೋಗಿ, ಇಡೀದು ತನ್ನಿ."

ಮನೆಗೆ ಓಡಿದ. ಪುಣ್ಯಕ್ಕೆ ಹೆಂಡತಿ ಇನ್ನೊಂದನ್ನು ಒಲೆಯಲ್ಲಿಟ್ಟಿದ್ದಳು. ಬೆವರು ಒರೆಸಿಕೊಳ್ಳುತ್ತಾ ಅದನ್ನು ತಂದು ತಕ್ಕಡಿಯ ಮೇಲಿಟ್ಟ.

"ಇದಕ್ಕೆ ಆರೋಗ್ಯದವರ ಸಹಿ ಎಲ್ಲಿ?" ಎಂದರು ತೂಕದ ಸಾಹೇಬರು.

"ಆಗಲೇ ಪಾಸ್ ಮಾಡಿದ್ರಲ್ಲ ಸಾರ್."

"ಅದು ಆ ಕೇಕು. ಇದು ಈ ಕೇಕು. ನಾಳೆ ಇದನ್ನ ತಿಂದು ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಜವಾಬ್ದಾರನಾ?"

ಗುಮಾಸ್ತರು ತಲೆದೂಗಿದರು. "ಅವರು ಹೇಳ್ತಿರೋದು ಸರಿಯಾಗೇ ಇದೆ ಸ್ಪಂಜಣ್ಣ" ಎಂದರು. ಯಾರ ಕಡೆಯವರು ಇವರು ಅಂತ ಸ್ಪಂಜಣ್ಣನಿಗೆ ಒಂದು ಗಳಿಗೆ ಅನುಮಾನವೇ ಬಂತು.

ಎರಡನೆಯ ಕೇಕನ್ನು ಆರೋಗ್ಯದ ಸಾಹೇಬರು ಮೊದಲನೆಯದಕ್ಕಿಂತ ಪ್ರೀತಿಯಿಂದ ಪರೀಕ್ಷಿಸಿದರು. ಈ ಸಲ ಸಹಾಯಕನ ಹೆಸರೂ ಬೇಕಾಗಲಿಲ್ಲ. ಉಳಿದದ್ದನ್ನು ನೋಡಿ ತೂಕದ ಸಾಹೇಬರು ಬಾಗಿಲ ಕಡೆ ಕೈ ತೋರಿಸಿದರು. ರುಚಿ ನೋಡಿದ್ದು ಇಡೀ ಇರುವುದಿಲ್ಲ, ಇಡೀ ಇರುವುದರ ರುಚಿ ನೋಡಿರುವುದಿಲ್ಲ. ಈ ಗಂಟು ಬಿಚ್ಚಿದವರು ಯಾರಾದರೂ ಇದ್ದಾರೆಯೇ ಎಂದು ಸ್ಪಂಜಣ್ಣ ಕೇಳಿದ. ಗುಮಾಸ್ತರು ತಲೆ ಕೆರೆದುಕೊಂಡು, "ಇರ್ತಾರೆ. ಇಲ್ದಿದ್ರೆ ಊರಿನ ಕೇಕಿನವರಿಗೆಲ್ಲ ಲೈಸೆನ್ಸ್ ಸಿಕ್ಕಿದ್ದು ಹೇಗೆ?" ಎಂದರು.

ಇಬ್ಬರೂ ಮನೆಗೆ ಬಂದರೆ ಮೊಟ್ಟೆ ಮುಗಿದಿತ್ತು, ಹಿಟ್ಟು ಮುಗಿದಿತ್ತು. ಒಂದು ಬಟ್ಟಲು ಕ್ರೀಮು ಮಾತ್ರ ಉಳಿದಿತ್ತು. ಕಚೇರಿ ಮುಚ್ಚಲು ಹೆಚ್ಚು ಹೊತ್ತಿರಲಿಲ್ಲ. ಸ್ಪಂಜಣ್ಣ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತ. "ಬಿಡು. ನನ್ನ ಹಣೇಲಿ ಸಿಮೆಂಟೇ ಬರೆದಿರೋದು" ಎಂದ.

ಹೆಂಡತಿಗೆ ಅದನ್ನು ನೋಡಲಾಗಲಿಲ್ಲ. "ರೀ, ಅವರು ಕತ್ತರಿಸೋಕೆ ಆಗದೇ ಇರೋ ಕೇಕು ಇದ್ರೆ?" ಎಂದಳು.

ಗುಮಾಸ್ತರ ಕಣ್ಣು ಮಿಂಚಿತು. "ಕೇಕು ಬೇಯಿಸಿದ್ದೇ ಆಗಿರಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ" ಎಂದರು.

ಹೆಂಡತಿ ಅಣ್ಣನ ಅಂಗಡಿಗೆ ಓಡಿದಳು. ತಂಗಿ ಕೇಳಿದರೆ ಯಾಕೆ ಏನು ಅನ್ನುವ ಜಾತಿಯಲ್ಲ ಅವನದು. ನೀರಿನ ಟ್ಯಾಂಕು ಸೋರಿದರೆ ಮುಚ್ಚುವ, ಕಲಸಿದ ಕೂಡಲೇ ಗಟ್ಟಿಯಾಗುವ ಬಿಳಿ ಸಿಮೆಂಟಿನ ಪೊಟ್ಟಣವೊಂದನ್ನು ತೆಗೆದು ಕೊಟ್ಟ. ಸ್ಪಂಜಣ್ಣ ಸೀನುತ್ತಾ ಸೀನುತ್ತಾ ಅದನ್ನು ಕಲಸಿ ಕೇಕಿನ ಅಚ್ಚಿಗೆ ಸುರಿದ. ಅಚ್ಚು ಮಗುಚಿದಾಗ ಅದು ನೆಲಕ್ಕೆ ಬಿದ್ದು ನೆಲದ ಹೆಂಚೇ ಸೀಳಿತು, ಅದಕ್ಕೆ ಏನೂ ಆಗಲಿಲ್ಲ. ಮೇಲೆ ಕ್ರೀಮು ಸವರಿ ಸುತ್ತ ಹೂಬಳ್ಳಿ ಎಳೆದ. ಎಂಥ ಅವಸರದಲ್ಲೂ ಕೈಯ ಹದ ಕೈಬಿಡಲಿಲ್ಲ. ಇಂಥ ಚಂದದ ಕೇಕನ್ನು ಅವನು ಅದುವರೆಗೆ ಮಾಡಿರಲಿಲ್ಲ.

ಗುಮಾಸ್ತರೂ ಅವನೂ ಆಚೆ ಈಚೆ ಹಿಡಿದು ಅದನ್ನು ಕಚೇರಿಗೆ ಹೊತ್ತರು. ಆರೋಗ್ಯದ ಸಾಹೇಬರು ಕುರ್ಚಿಗೊರಗಿ ಬೆಲ್ಟು ಸಡಿಲ ಮಾಡಿಕೊಂಡಿದ್ದರು.

"ಇನ್ನೂ ತಂದ್ರಾ? ಎರಡು ಕೇಕು ತಿಂದಿದ್ದೀನಿ ರೀ, ಉಸಿರು ಬಿಡೋಕೂ ಜಾಗ ಇಲ್ಲ. ಕ್ರೀಮು ನೆಕ್ಕಿ ನೋಡಿದ್ರೆ ಸಾಕು." ಬೆರಳಲ್ಲಿ ಒಂಚೂರು ತೆಗೆದು ನೆಕ್ಕಿದರು. "ಅದೇ ಕೈ, ಅದೇ ರುಚಿ. ಎಷ್ಟು ದಿನ ಕೆಡದೆ ಇರುತ್ತೆ?"

ಗುಮಾಸ್ತರು ಮುಂದೆ ಬಂದು, "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಕೆಡಲ್ಲ ಸಾರ್" ಎಂದರು. ಸಾಹೇಬರು ಅದನ್ನು ಹಾಗೇ ಬರೆದುಕೊಂಡು ಸಹಿ ಹಾಕಿದರು.

ತೂಕದ ಸಾಹೇಬರ ತಕ್ಕಡಿ ದಡಕ್ಕನೆ ಕೆಳಗೆ ಹೋಯಿತು.

"ಅರ್ಜಿಯಲ್ಲಿ ಹೇಳಿದ್ದಕ್ಕಿಂತ ತೂಕ ಜಾಸ್ತಿ ಇದೆಯಲ್ರೀ."

"ತಪ್ಪಾಯ್ತು ಸಾರ್."

"ತಪ್ಪೇನು? ನನ್ನ ಸರ್ವೀಸಿನಲ್ಲಿ ಗಿರಾಕಿಗೆ ಜಾಸ್ತಿ ಕೊಡೋ ವ್ಯಾಪಾರಿ ನೀವೊಬ್ರೇ." ಎದ್ದು ನಿಂತು ಕೈ ಕುಲುಕಿದರು.

ಉಳಿದದ್ದು ಮೊಹರಿನ ಮೇಡಂ. ಆಕೆಯ ಬೀರು ತೆರೆದರೆ ಊರಿನ ಕೇಕಿನವರೆಲ್ಲರ ನಮೂನೆಗಳು ಇರುವೆ ಮುತ್ತಿ, ಬೂಷ್ಟು ಹಿಡಿದು, ಕುಸಿದು ಕೂತಿದ್ದವು. ಆ ವಾಸನೆಯಲ್ಲೇ ಕೂತು ಕೂತು ಆಕೆಗೆ ಬದುಕೇ ಸಾಕಾಗಿದ್ದಿರಬೇಕು. ಮೊಹರು ಒತ್ತಿದರೆ ಕೇಕಿನೊಳಗೆ ಹೂತುಹೋಗುತ್ತದೆ ಎಂದು ರೂಢಿಯಂತೆ ಮೆಲ್ಲಗೆ ಒತ್ತಿದರು. ಹೂತುಹೋಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ಕೈಯೆತ್ತಿ ಠಪ್ ಎಂದು ಹೊಡೆದರು. ಮೊಹರು ಅಕ್ಷರ ಅಕ್ಷರವಾಗಿ ಮೂಡಿತು. ಮೇಡಂ ಕಣ್ಣಲ್ಲಿ ನೀರು ಬಂತು.

"ಇದಪ್ಪಾ ನಮೂನೆ ಅಂದ್ರೆ" ಎಂದು ಲೈಸೆನ್ಸ್ ತೆಗೆದು ಸ್ಪಂಜಣ್ಣನ ಕೈಗಿಟ್ಟರು.

ಸ್ಪಂಜಣ್ಣನಿಗೆ ಕುಣಿಯಬೇಕೆನಿಸಿತು. ಭಾವನ ಮುಖ ಹೇಗಾಗಬಹುದೆಂದು ನೆನೆದು ಒಳಗೊಳಗೇ ನಕ್ಕ. ಹೊರಡಲು ತಿರುಗಿದಾಗ ಮೇಡಂ ಹಿಂದಿನಿಂದ ಕರೆದರು.

"ಗೊತ್ತಿದೆ ತಾನೇ? ಇನ್ಮೇಲೆ ನೀವು ಮಾರೋ ಕೇಕು ಈ ನಮೂನೆ ಥರಾನೇ ಇರ್ಬೇಕು. ತೂಕ, ಎತ್ತರ, ಗಟ್ಟಿತನ ಎಲ್ಲಾ. ನಾವು ಆಗಾಗ ಬಂದು ಒತ್ತಿ ನೋಡ್ತೀವಿ. ಒಂದು ಚೂರು ಮೆತ್ತಗಿದ್ರೂ ಜೈಲೇ."

ಸ್ಪಂಜಣ್ಣ ಮೇಜಿನ ಹತ್ತಿರ ಹಿಂತಿರುಗಿ ಬಂದ. ನಿಜ ಹೇಳೋಣವೆಂದರೆ ಸರ್ಕಾರಕ್ಕೇ ಸಿಮೆಂಟು ತಿನ್ನಿಸಲು ಹೋದ ಕೇಸಾಗುತ್ತದೆ.

"ಮೇಡಂ, ಈ ನಮೂನೆ ಬದಲಾಯಿಸೋಕೆ ಆಗಲ್ವಾ?"

"ಅಯ್ಯೋ, ಧಾರಾಳವಾಗಿ. ಎಲ್ರೂ ಬದಲಾಯಿಸ್ತಾನೇ ಇರ್ತಾರೆ. ಹಳೇದು ಕೆಟ್ಟ ದಿನ ಬಂದು ಹೊಸದು ಕೊಡಿ, ಅಷ್ಟೇ." ಆಕೆ ಆರೋಗ್ಯದವರ ಬರಹದ ಮೇಲೆ ಕಣ್ಣಾಡಿಸಿ ನಿಟ್ಟುಸಿರಿಟ್ಟರು. "ನಿಮ್ಮದು ಮೊಮ್ಮಕ್ಕಳ ಕಾಲಕ್ಕೂ ಕೆಡಲ್ಲವಂತೆ. ಪುಣ್ಯವಂತರು ನೀವು."

ಸ್ಪಂಜಣ್ಣ ಗುಮಾಸ್ತರ ಕಡೆ ನೋಡಿದ. ಗುಮಾಸ್ತರು ಗೋಡೆಯ ಗಡಿಯಾರ ನೋಡುತ್ತಿದ್ದರು.

ಅಷ್ಟರಲ್ಲಿ ಆರೋಗ್ಯದ ಸಾಹೇಬರು ಹೊಟ್ಟೆ ಹಿಡಿದುಕೊಂಡು ಓಡಿಬಂದರು. "ಸಿಕ್ಕಿದ್ರಲ್ಲ ಸದ್ಯ. ಭಾನುವಾರ ನನ್ನ ಮಗಳ ಹುಟ್ಟುಹಬ್ಬ. ಬೆಳಿಗ್ಗೆ ಮೊದಲು ತಂದಿದ್ರಲ್ಲ, ಅಂಥದ್ದೊಂದು ಮಾಡಿಕೊಡಿ."

"ಅದು ಕಾನೂನು ಪ್ರಕಾರ ಬರಲ್ಲ ಸಾರ್. ಮೊಹರು ಬಿದ್ದಿರೋದು ಇದಕ್ಕೆ" ಎಂದರು ಮೇಡಂ.

ಸಾಹೇಬರು ಒಂದು ಕ್ಷಣ ಪೆಚ್ಚಾದರು. "ಹಾಗಾದ್ರೆ ಇಂಥದ್ದೇ ಕೊಡಿ. ಕಾನೂನು ಕಾನೂನೇ" ಎಂದರು.

ಹೊರಗೆ ಬಂದರೆ ಎದುರಿಗೇ ಭಾವನ ಅಂಗಡಿ. ಭಾವ ಬಾಗಿಲಲ್ಲೇ ಕಾಯುತ್ತಿದ್ದ, ತಂಗಿಯೂ ಪಕ್ಕದಲ್ಲಿದ್ದಳು. ಅವನು ಲೈಸೆನ್ಸ್ ಇಸಕೊಂಡು ತಿರುಗಿಸಿ ಮುರುಗಿಸಿ ನೋಡಿದ, ನಡೆದದ್ದನ್ನೆಲ್ಲ ಕೇಳಿದ. ನಗಲಿಲ್ಲ. ಕೊಟ್ಟ ಮಾತಿಗೆ ತಪ್ಪುವ ಆಸಾಮಿಯಲ್ಲ ಅವನು.

"ಲೈಸೆನ್ಸ್ ತಂದಿದ್ದೀರಿ, ಒಪ್ಪಿದೆ. ಅಂಗಡೀಲಿ ಕೂತುಕೊಳ್ಳಿ ಅಂತ ಇನ್ನು ನಾನು ಬಾಯಿ ಬಿಡಲ್ಲ. ನೀವು ಕೇಕೇ ಮಾಡಿ."

ಹೆಂಡತಿ ಸ್ಪಂಜಣ್ಣನ ತೋಳಿನ ಮೇಲೆ ಕೈಯಿಟ್ಟಳು.

"ಆದ್ರೆ ಒಂದು" ಎಂದ ಭಾವ, ಹಿಂದೆ ಸೂರಿನವರೆಗೆ ಪೇರಿಸಿದ್ದ ಮೂಟೆಗಳ ಕಡೆ ತಿರುಗಿ. "ಇಷ್ಟೊಂದು ಮೂಟೆ ನಿಮ್ಮ ಅಡುಗೆಮನೆಗೆ ಹಿಡಿಸಲ್ಲ. ಇಲ್ಲೇ ಹಿಂದುಗಡೆ ಜಾಗ ಮಾಡಿಕೊಡ್ತೀನಿ. ಬೆಳಿಗ್ಗೆ ಬೇಗ ಬಂದುಬಿಡಿ, ಭಾನುವಾರದ ಆರ್ಡರ್ ಒಣಗಬೇಕಲ್ಲ."

ಒಳಗಿನಿಂದ ಧೂಳಿನ ಗಾಳಿಯೊಂದು ಬೀಸಿತು. ಊರಿನ ಏಕೈಕ ಪರವಾನಗಿ ಪಡೆದ ಸಿಮೆಂಟು ಕೇಕಿನ ವ್ಯಾಪಾರಿ ಮೂಗು ಮುಚ್ಚಿಕೊಳ್ಳಲು ಲೈಸೆನ್ಸನ್ನೇ ಎತ್ತಿ ಹಿಡಿದು, ಜೋರಾಗಿ ಸೀನಿದ.